ಕೊನೆಯ ತುಂಡು ಬೆಣ್ಣೆ

ಜನವರಿ 14
ಮೂಳೆಸಾರು ಒಲೆಗೇರಿಸಿದ್ದಾಯಿತು. ಅಡುಗೆ ಸ್ಪರ್ಧೆಯ ಪತ್ರ ಬಂದಿದೆ. ಫ್ರಾನ್ಸಿನ ಲಿಯೋನಿನಲ್ಲಿ ಈ ಸಲ ಎರಡು ಅಡುಗೆ — ಒಂದು ಮೀನು, ಇನ್ನೊಂದು ವೀಗನ್. ಅದರಲ್ಲಿ ಹಾಲು, ಬೆಣ್ಣೆ, ಮೊಟ್ಟೆ ಏನೂ ಕೂಡದು. ಮೂವತ್ತು ವರ್ಷದಿಂದ ನನ್ನ ಪಕ್ಕದ ಒಲೆಯಲ್ಲಿ ಅಡುಗೆ ಮಾಡುವ ಗಸ್ಪಾರ್ ಹೊಟ್ಟೆ ಹಿಡಿದು ನಕ್ಕ.
“ಶೆಫ್, ನಿಮ್ಮ ಮೈಯಲ್ಲಿ ಹರಿಯೋದೇ ಬೆಣ್ಣೆ. ಈ ಸೊಪ್ಪುಸದೆ ಉಸಾಬರಿ ಯಾಕೆ?”
ಹೆಸರು ಕೊಟ್ಟುಬಿಟ್ಟೆ.

ಜನವರಿ 15
ಸೊಲೆನ್‌ಗಾಗಿ. ಮಗಳು ನನ್ನ ಕೈಯಡುಗೆ ತಿಂದು ಆರು ವರ್ಷ. ಅವಳು ವೀಗನ್ ಆದ ದಿನ “ಅದೆಲ್ಲ ನನ್ನ ಮನೇಲಿ ನಡೆಯಲ್ಲ” ಅಂದಿದ್ದೆ. ಮಾತು ಆಡಿದರೆ ಹೋಯಿತು. ಸ್ಪರ್ಧೆಯಲ್ಲಿ ವೀಗನ್ ಅಡುಗೆಯ ಒಂದು ತಟ್ಟೆಯನ್ನು ಮನೆಯವರಿಗೆ ಬಡಿಸುತ್ತಾರಂತೆ. ಫೋನ್ ಮಾಡಿದೆ.
“ಹಾಲು ಬೆಣ್ಣೆ ಏನೂ ಸೇರ್ಸಲ್ಲ ತಾನೇ? ಆಣೆ ಮಾಡು.”
“ಆಣೆ ಕಣೇ.”
“ಹಾಗಾದ್ರೆ ಬರ್ತೀನಿ ಅಮ್ಮಾ.”
ಅತ್ತುಬಿಟ್ಟೆ. ಈರುಳ್ಳಿ ಹೆಚ್ಚುತ್ತಿದ್ದೆ, ಯಾರಿಗೂ ತಿಳಿಯಲಿಲ್ಲ.

ಫೆಬ್ರವರಿ 20
ವೀಗನ್ ಅಡುಗೆ, ಹನ್ನೊಂದನೇ ಸಲ. ಅಣಬೆ, ಕೆಂಪು ವೈನ್... ಸಾಸ್ ಹೊಳೆಯುತ್ತಿಲ್ಲ. ಉರಿ ಆರಿಸಿ, ತಣ್ಣನೆಯ ಬೆಣ್ಣೆ ತುಂಡು ಹಾಕಿ, ಪಾತ್ರೆ ಅಲುಗಿಸುವುದು — ಅಜ್ಜಿ ಕಲಿಸಿದ್ದು. ನಲವತ್ತು ವರ್ಷದ ರೂಢಿ. ಇವತ್ತೂ ಕೈ ಅತ್ತಲೇ ಹೋಯಿತು. ಗಸ್ಪಾರ್ ಸೌಟಿನಲ್ಲಿ ಬಡಿದ.
“ಹುಟ್ಟುಗುಣ ಸುಟ್ರೂ ಹೋಗಲ್ಲ ಅಲ್ವಾ ಶೆಫ್?”

ಮಾರ್ಚ್ 9
ನುಣ್ಣಗೆ ಅರೆದ ಅಕ್ರೋಟು ಹಾಕಿದೆ. ಹೊಳೆಯಿತು! ಗಸ್ಪಾರ್ ಮೂರು ಚಮಚ ತಿಂದು ಪಾತ್ರೆಯನ್ನೇ ತನ್ನತ್ತ ಎಳೆದುಕೊಂಡ.

ಮಾರ್ಚ್ 22, ಸಂಜೆ
ಸ್ಪರ್ಧೆ ಮುಗಿಯಿತು. ಮೊದಲು ಮೀನು. ಅದಕ್ಕೆ ತಂದ ಬೆಣ್ಣೆ ತುಂಡುಗಳು ಐಸ್ ನೀರಿನ ಬಟ್ಟಲಲ್ಲಿ, ಒಲೆಯ ಪಕ್ಕದಲ್ಲೇ. ಆಮೇಲೆ ವೀಗನ್. ಗಸ್ಪಾರ್ ತಟ್ಟೆ ಜೋಡಿಸುತ್ತಿದ್ದ. “ಎರಡೇ ನಿಮಿಷ!” ಅಂತ ಸ್ಪರ್ಧೆಯವರು ಕೂಗಿದರು. ಉರಿ ಆರಿಸಿದೆ. ಪಾತ್ರೆ ಅಲುಗಿಸಿದೆ. ಸಾಸ್ ಎಂದಿಗಿಂತ ಚೆನ್ನಾಗಿ ಬಂತು. ತಟ್ಟೆಗಳು ಹೋದವು.
ಕೈ ಒರೆಸಿಕೊಳ್ಳುವಾಗ ಬೆರಳಲ್ಲಿ ಜಿಡ್ಡು. ಮೀನಿನ ಅಡುಗೆ ಮುಗಿದ ಮೇಲೆ ಬೆಣ್ಣೆಯ ಒಂದು ತುಂಡು ಉಳಿದಿತ್ತು. ಈಗ ಬಟ್ಟಲಲ್ಲಿ ಬರೀ ನೀರು.
ಗಾಜಿನಾಚೆ ಸೊಲೆನ್ ಆಗಲೇ ತಿನ್ನುತ್ತಿದ್ದಳು, ಕಣ್ಣು ಮುಚ್ಚಿಕೊಂಡು. ಬೆರಳನ್ನು ಮತ್ತೆ ಒರೆಸಿಕೊಂಡೆ, ಕೂಗಿ ತಡೆಯಲಿಲ್ಲ.
ಮೊದಲ ಬಹುಮಾನ ಕೊಟ್ಟರು. ಸೊಲೆನ್ ಓಡಿಬಂದು ತಬ್ಬಿಕೊಂಡಳು.
“ಚಿಕ್ಕೋಳಿದ್ದಾಗಿನ ರುಚಿ ಅಮ್ಮಾ! ಏನ್ ಹಾಕ್ದೆ?”
“ಅಕ್ರೋಟು” ಅಂದೆ.
“ಮುಂದಿನ ಭಾನುವಾರ ಮನೆಗೆ ಬರ್ತೀನಿ. ಇದನ್ನೇ ಮಾಡು. ಇದೇ ರುಚಿ ಬರ್ಬೇಕು!”

ಮಾರ್ಚ್ 30, ಭಾನುವಾರ
ಒಂದು ವಾರ ಬರೆಯಲಿಲ್ಲ. ಫೋನೂ ಮಾಡಲಿಲ್ಲ.
ಬೆಳಿಗ್ಗೆಯಿಂದ ಮೂರು ಸಲ ಮಾಡಿದೆ, ಬರೀ ಅಕ್ರೋಟಿನಲ್ಲಿ. ಹೊಳೆಯುತ್ತದೆ. ಆ ರುಚಿ ಇಲ್ಲ. ಒಂದೇ ಚಮಚಕ್ಕೆ ಅವಳಿಗೆ ಗೊತ್ತಾಗುತ್ತದೆ, ನನ್ನ ಮಗಳು. ನಿಜ ಹೇಳಿದರೆ ಮತ್ತೆ ಎಷ್ಟು ವರ್ಷ ದೂರವೋ.
ಕರೆಗಂಟೆ ಆಯಿತು. ಉರಿ ಆರಿಸಿದ್ದೇನೆ. ಬೆಣ್ಣೆ ಪಕ್ಕದಲ್ಲೇ ಇದೆ. ಕೈ ಮತ್ತೆ ಅತ್ತಲೇ...