ವರ್ಕ್‌ಸ್ಟೇಷನ್ ಬಿಟ್ಟು ಬೆಳುಗುಪ್ಪಕ್ಕೆ

ಶ್ರೀಲತಾ,

ಹಾಲು ಕಾಯಿಸಿಟ್ಟಿದ್ದೇನೆ, ಹೊಲಿಗೆ ಕೆಲಸದಿಂದ ಬಂದವಳೇ ಕುಡಿ.

ಹೊಸ ಕೀಬೋರ್ಡ್ ತರಲಿಲ್ಲ. "ಇರೋದ್ರಾಗ ಎಲ್ಲಾ ಐತಲ್ರಿ, ಮತ್ತ ಇನ್ನೊಂದ್ಯಾಕ?" ಅಂತ ಕೇಳಿದ್ದೆಯಲ್ಲ, ಆಗ ಸುಮ್ಮನೆ ರೇಗಿದೆ. ನಮ್ಮ ಮನೆಯ ಅರೇಂಜರ್ ಕೀಬೋರ್ಡ್‌ನಲ್ಲಿ ಒಂದು ಬೆರಳಿಟ್ಟರೆ ಇಡೀ ತಂಡವೇ ಬಾರಿಸುತ್ತದೆ. ಅದಕ್ಕೇ ಮದುವೆಯವರು ನನ್ನೊಬ್ಬನನ್ನೇ ಕರೆಯತೊಡಗಿದರು, ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ಬಾರಿಸಿದ ಹೊನ್ನೂರಪ್ಪನ ಢೋಲಕ್ ಯಾರಿಗೂ ಬೇಡವಾಯಿತು. ನಾನು ಕೈ ತೆಗೆದರೂ ಅದರ ತಾಳ ನಿಲ್ಲುವುದಿಲ್ಲ, ಗೊತ್ತಾ?

ವರ್ಕ್‌ಸ್ಟೇಷನ್ ಅನ್ನೋ ದೊಡ್ಡ ಕೀಬೋರ್ಡ್ ಆದರೆ ಬೇಕಾದ ಸದ್ದನ್ನು ನಾನೇ ಕಟ್ಟಬಹುದು ಅಂತ ಬಳ್ಳಾರಿಗೆ ಹೋಗಿದ್ದೆ. ಅಂಗಡಿಯಲ್ಲೇ ಕೂತು, ತಿದ್ದಿ ತಿದ್ದಿ, ಹೊನ್ನೂರಪ್ಪನ ಎಡಗೈ ಪೆಟ್ಟನ್ನು ಹುಟ್ಟಿಸಿದೆ. ಥೇಟ್ ಅವನದೇ. ಖುಷಿಯಲ್ಲಿ "ಹೆಂಗೈತಲೇ?" ಅಂತ ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ. ಅಂಗಡಿಯವನು ಬಂದು "ಪ್ಯಾಕ್ ಮಾಡ್ಲೇನ್ರಿ?" ಅಂದ. ಬೇಡವೆಂದು ಎದ್ದು ಬಂದುಬಿಟ್ಟೆ.

ಈಗ ಬೆಳುಗುಪ್ಪಕ್ಕೆ, ಅವನ ಮನೆಗೇ ಹೊರಟಿದ್ದೇನೆ. ಫೋನ್ ಎತ್ತುತ್ತಿಲ್ಲ. ಮುನಿಸು ಬಿಟ್ಟು ಬಂದರೆ ಕರೆದುಕೊಂಡೇ ಬರುತ್ತೇನೆ, ರೊಟ್ಟಿ ಸ್ವಲ್ಪ ಜಾಸ್ತಿ ತಟ್ಟು.

ನಾನೊಬ್ಬನೇ ಬಂದರೆ ಏನೂ ಕೇಳಬೇಡ. ಊಟಕ್ಕೆ ನೀನೂ ಜೊತೆಗೆ ಕೂತುಬಿಡು.

ಚೌಡೇಶ