ಪಟ್ಟಿಯಲ್ಲಿಲ್ಲದ ಪಿಸ್ತೂಲು

ಕಾರ್ನಿಂಗ್, ಕ್ಯಾಲಿಫೋರ್ನಿಯಾ
ಮಾರ್ಚ್ ೫, ಬುಧವಾರ

ಪ್ರೀತಿಯ ಕೊರಿನ್,

ಈ ಮೂಲಕ ಸಮಸ್ತ ಜಗತ್ತಿಗೂ, ವಿಶೇಷವಾಗಿ ಬೆಟ್ಟದಾಚೆಯ ನೆವಾಡ ರಾಜ್ಯಕ್ಕೂ ತಿಳಿಯಪಡಿಸುವುದೇನೆಂದರೆ: ನಿನ್ನ ತಾಯಿ ವೆರ್ನಾ, ವಯಸ್ಸು ಎಪ್ಪತ್ತೊಂದು, ಕನ್ನಡಕದ ಒಂದು ಕಡ್ಡಿ ಮುರಿದಿದ್ದನ್ನೂ ಲೆಕ್ಕಿಸದೆ ಸರ್ಕಾರದ ಪರೀಕ್ಷೆಗೆ ಕೂತು ಮೂವತ್ತಕ್ಕೆ ಇಪ್ಪತ್ತೊಂಬತ್ತು ಅಂಕ ಗಳಿಸಿ ತೇರ್ಗಡೆಯಾಗಿದ್ದಾಳೆ. ಇಪ್ಪತ್ತಮೂರು ಬಂದಿದ್ದರೆ ಸಾಕಿತ್ತು. ಹಾರ, ಮೆರವಣಿಗೆ ಏನೂ ಇರಲಿಲ್ಲ. ಮನೆಗೆ ಬಂದು ಕೋಳಿಗಳಿಗೆ ವಿಷಯ ಹೇಳಿದೆ. ಕಾಳು ಎಲ್ಲಿ ಅಂತ ನನ್ನ ಕೈ ನೋಡಿದವು.

ನಾಲ್ಕು ವರ್ಷದ ಮೇಲೆ ಅಮ್ಮನ ಕಾಗದ ಬಂದಿದೆ, ಮೊದಲ ಸಾಲಿನಲ್ಲೇ ಜಂಬ ಕೊಚ್ಚಿಕೊಂಡಿದ್ದಾಳೆ ಅಂತ ಹುಬ್ಬು ಗಂಟಿಕ್ಕಬೇಡ. ಇದು ಪಿಸ್ತೂಲು ಕೊಳ್ಳುವವರು ಬರೆಯಬೇಕಾದ ಪರೀಕ್ಷೆ. ಈ ಸಾಲು ಓದಿ ನೀನೀಗ ಏನು ಯೋಚಿಸಿದೆ ಅಂತಲೂ ನನಗೆ ಗೊತ್ತು. ಅದಲ್ಲ. ಡ್ವೇನ್‌ಗೂ ಅದೇ ಯೋಚನೆ ಬಂತು. ನಿನ್ನ ಕ್ಲಾಸಿನ ಡ್ವೇನ್, ಚಾಕ್‌ಪೀಸ್ ತಿನ್ನುತ್ತಿದ್ದವನು. ಈಗ ಅವನಿಗೆ ಬಂದೂಕಿನ ಅಂಗಡಿ, ಬೊಕ್ಕತಲೆ, ಎರಡು ನಾಯಿ ಎಲ್ಲ ಇವೆ. ಅಂಗಡಿಯಲ್ಲಿದ್ದ ಬೇರೆಯವರು ಹೋಗುವ ತನಕ ಕಾದು, ದನಿ ತಗ್ಗಿಸಿ, "ತಪ್ಪು ತಿಳೀಬೇಡಿ ಆಂಟಿ, ಮನಸ್ಸಿಗೆ ಏನಾದ್ರೂ ಬೇಜಾರಿದೆಯಾ?" ಅಂತ ಕೇಳಿದ. "ಹನ್ನೊಂದು ಕೋಳಿ ಸಾಕಿದ್ದೀನಿ ಕಣೋ, ಸಾಯೋಕೆ ಪುರುಸೊತ್ತೆಲ್ಲಿದೆ?" ಅಂದೆ. ಅವನು ನಗಲಿಲ್ಲ. ನಾನು ಅಂದುಕೊಂಡದ್ದಕ್ಕಿಂತ ಒಳ್ಳೆಯವನು.

ಕಾರಣ ಇದು. ನಮ್ಮ ರಸ್ತೆಯಲ್ಲಿ ಈಗ ಯಾರೂ ಇಲ್ಲ. ಸಿಲ್ವೇರಾ ಗಂಡ ಹೆಂಡತಿ ಹೋದ ವರ್ಷ ಆಲಿವ್ ತೋಟವನ್ನು ಬಾದಾಮಿ ಬೆಳೆಯುವ ಕಂಪನಿಗೆ ಮಾರಿ ಹೊರಟುಹೋದರು. ಬಾದಾಮಿ ಗಿಡಗಳ ಮೇಲೆ ನನಗೇನೂ ದ್ವೇಷವಿಲ್ಲ, ಆದರೆ ಬೇಲಿಗೆ ಒರಗಿಕೊಂಡು ಊರಿನ ಸುದ್ದಿ ಹೇಳುವ ಅಭ್ಯಾಸ ಅವಕ್ಕಿಲ್ಲ. ಜನವರಿಯಲ್ಲಿ ಒಂದು ಮಧ್ಯಾಹ್ನ ನಾನು ಉಗ್ರಾಣದಲ್ಲಿದ್ದಾಗ ಯಾರೋ ಒಬ್ಬ ಹಿಂಬಾಗಿಲಿನಿಂದ ಒಳಗೆ ಬಂದ. ನಲ್ಲಿ ತಿರುಗಿಸಿ ನೀರು ಕುಡಿದ. ನಿನ್ನ ಅಪ್ಪನ ಕುರ್ಚಿಯಲ್ಲಿ ಕೂತ. ನಾನು ಉಗ್ರಾಣದ ಬಾಗಿಲ ಹಿಂದೆ, ಆಲಿವ್ ಉಪ್ಪಿನಕಾಯಿಯ ಬಾಟಲಿಯನ್ನು ಗದೆಯ ಹಾಗೆ ಎತ್ತಿ ಹಿಡಿದು, ನಲವತ್ತು ನಿಮಿಷ ನಿಂತಿದ್ದೆ. ಅವನು ಮೇಜಿನ ಮೇಲಿದ್ದ ಅರ್ಧ ಬ್ರೆಡ್ಡು ತಿಂದು, ತಟ್ಟೆ ತೊಳೆದು ಬೋರಲು ಹಾಕಿ, ಹೋದ. ಪೊಲೀಸರು ಬಂದು ವಿನಯದಿಂದ ಬರೆದುಕೊಂಡರು. ಕಳುವಾದ ವಸ್ತು: ಅರ್ಧ ಬ್ರೆಡ್ಡು. ಅವರು ಹೋದ ಮೇಲೆ ಫೋನ್ ತೆಗೆದುಕೊಂಡು ನಿನ್ನ ನಂಬರ್ ಒತ್ತಿದೆ. ಕೊನೆಯ ಅಂಕಿ ಒಂದನ್ನು ಬಿಟ್ಟು.

ಹಾಗಾಗಿ ಡ್ವೇನ್ ಅಂಗಡಿಗೆ ಹೋದದ್ದು. ಅವನು ಮೊದಲು ಒಂದು ಕರಿಯ ಪಿಸ್ತೂಲು ಕೊಟ್ಟ. ಅದರ ಮೇಲಿನ ಉಕ್ಕಿನ ಭಾಗವನ್ನು ಹಿಂದಕ್ಕೆ ಎಳೆದರೆ ಮಾತ್ರ ಗುಂಡು ಒಳಗೆ ಕೂರುತ್ತದೆ. ಎಳೆದೆ. ಹಲ್ಲು ಕಚ್ಚಿ ಎಳೆದೆ. ನನ್ನ ಬೆರಳ ಗಂಟುಗಳು ನಿನಗೆ ಗೊತ್ತಲ್ಲ, ಈಗ ಇನ್ನೂ ದಪ್ಪವಾಗಿವೆ. ಬೆರಳೇ ಜಾರಿತು, ಉಕ್ಕು ಅಲುಗಲಿಲ್ಲ. ಆಮೇಲೆ ಅವನು ಒಳಗಿನಿಂದ ಇನ್ನೊಂದು ತಂದ, ಯಾರೋ ಪೊಲೀಸಿನವರು ತರಿಸಿಕೊಂಡದ್ದು. ಮೇಜಿನ ಡ್ರಾಯರ್ ಎಳೆದ ಹಾಗೆ ಹಿಂದಕ್ಕೆ ಬಂತು! ಕೈಗೆ ಬಲವಿಲ್ಲದವರಿಗೆಂದೇ ಮಾಡಿದ್ದಂತೆ.

"ಇದನ್ನೇ ಕಟ್ಟಿಕೊಡು," ಅಂದೆ.

"ಆಗಲ್ಲ ಆಂಟಿ, ಇದು ಪಟ್ಟಿಯಲ್ಲಿಲ್ಲ. ಪೊಲೀಸರಿಗಾದ್ರೆ ನಡೆಯುತ್ತೆ."

ನಮ್ಮ ರಾಜ್ಯ ಸರ್ಕಾರದವರು ಒಂದು ಪಟ್ಟಿ ಇಟ್ಟಿದ್ದಾರೆ, ಮಗಳೇ. ಒಂದೊಂದು ಪಿಸ್ತೂಲನ್ನೂ ಬೀಳಿಸಿ ನೋಡಿ, ಹಾರಿಸಿ ನೋಡಿ, ಇದು ಪರವಾಗಿಲ್ಲ ಅನ್ನಿಸಿದರೆ ಅದರ ಹೆಸರು ಬರೆದುಕೊಳ್ಳುತ್ತಾರೆ. ಹೆಸರಿಲ್ಲದ ಹೊಸ ಪಿಸ್ತೂಲನ್ನು ಅಂಗಡಿಯವರು ನಮ್ಮಂಥವರಿಗೆ ಮಾರುವ ಹಾಗಿಲ್ಲ. ಡ್ವೇನ್ ಬೇರೆ ಎರಡು ಪಿಸ್ತೂಲುಗಳ ಚಿತ್ರ ತೋರಿಸಿದ. ಒಂದೇ ಕಂಪನಿ, ಒಂದೇ ಅಳತೆ, ಅವಳಿ ಮಕ್ಕಳ ಹಾಗಿವೆ. ಕರಿಯದು ಪಟ್ಟಿಯಲ್ಲಿದೆ, ಹಸಿರು ಬಣ್ಣದ್ದು ಇಲ್ಲ. "ಹಸಿರಿನ ಗುಂಡು ಜಾಸ್ತಿ ನೋಯುತ್ತೇನೋ?" ಅಂತ ಕೇಳಿದೆ. "ಬಣ್ಣ ಬೇರೆ ಅಂದ್ರೆ ಅರ್ಜಿಯೂ ಬೇರೆ ಆಂಟಿ. ಕಂಪನಿಯವರು ಹಾಕಿಲ್ಲ," ಅಂದ. ಕೈಜಾರಿ ಬಿದ್ದ ಪಿಸ್ತೂಲು ತಾನಾಗಿ ಹಾರಬಾರದು ಅಂತ ತಲೆ ಕೆಡಿಸಿಕೊಂಡವರನ್ನು ನಾನು ಬೈಯಲಾರೆ. ಆದರೆ ಆ ಪಟ್ಟಿ ಮಾಡುವ ದಿನ ನನ್ನ ಬೆರಳುಗಳನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಕೈಚೀಲ ಎತ್ತಿಕೊಂಡು ಹೊರಟೆ. ಬಾಗಿಲ ಹತ್ತಿರ ಹೋದಾಗ ಡ್ವೇನ್ ಕೂಗಿದ. "ಒಂದು ದಾರಿ ಇದೆ. ಮಕ್ಕಳು ತಂದೆ ತಾಯಿಗೆ ಉಡುಗೊರೆಯಾಗಿ ಕೊಟ್ರೆ ಪಟ್ಟಿ ಅಡ್ಡ ಬರಲ್ಲ. ಅಣ್ಣ ತಮ್ಮ ಕೊಡೋ ಹಾಗಿಲ್ಲ, ಸ್ನೇಹಿತರು ನೆವಾಡದಿಂದ ತಂದುಕೊಡೋ ಹಾಗೂ ಇಲ್ಲ. ಹೆತ್ತ ಮಕ್ಕಳು ಕೊಡಬಹುದು. ನೆವಾಡದಲ್ಲಿ ಇದು ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ಅವರು ಅದನ್ನ ನನ್ನ ಅಂಗಡಿಗೆ ತಂದ್ರೆ ಇಲ್ಲೇ ಕಾಗದಪತ್ರ ಮಾಡಿಕೊಡ್ತೀನಿ." ಆಮೇಲೆ ನಾಯಿಯ ಕಿವಿ ಕೆರೆಯುತ್ತಾ, ನನ್ನ ಮುಖ ನೋಡದೆ, "ನಿಮಗೆ ಕೊರಿನ್ ಇದ್ದಾಳಲ್ಲ?" ಅಂದ.

"ಇದ್ದಾಳೆ," ಅಂದೆ.

ಆ ಮಾತನ್ನು ಇನ್ನೊಬ್ಬರ ಎದುರು ಬಾಯಿಬಿಟ್ಟು ಹೇಳಿ ನಾಲ್ಕು ವರ್ಷವಾಗಿತ್ತು. ನೋಡು, ಸರ್ಕಾರದ ಪಟ್ಟಿಯಲ್ಲಿ ನೂರಾರು ಪಿಸ್ತೂಲಿನ ಹೆಸರುಗಳಿವೆ. ನನಗೆ ಬೇಕಾದ್ದನ್ನು ಕೊಡಬಲ್ಲವರ ಪಟ್ಟಿ ಮಾಡಿದರೆ ಅದರಲ್ಲಿರುವುದು ಒಂದೇ ಹೆಸರು.

ಇನ್ನು ಷರತ್ತು ಕೇಳು. ಇದು ಅಪ್ಪಟ ಉಡುಗೊರೆಯಾಗಿರಬೇಕು. ನಾನು ನಿನಗೆ ಒಂದು ಸೆಂಟೂ ಕೊಡಕೂಡದು ಅಂತ ಡ್ವೇನ್ ಬೆರಳೆತ್ತಿ ಹೇಳಿದ. ಈ ಕಾನೂನು ಬರೆದವರು ನಮ್ಮ ಮನೆಯ ಜಗಳ ಕಂಡವರೇ ಇರಬೇಕು. ಅಪ್ಪನ ಮಣ್ಣು ಮುಗಿಸಿ ಬಂದ ವಾರ ನೀನು, ಇಲ್ಲಿಗೇ ಬಂದುಬಿಡು, ನಿನಗಾಗಿ ನಮ್ಮ ಮನೆಯಲ್ಲಿ ಒಂದು ಕೋಣೆಗೆ ಬಣ್ಣ ಹೊಡೆಸಿದ್ದೀನಿ ಅಂದೆ. ನಾನೇನು ಎತ್ತಿ ಇಡೋ ಸೋಫಾನಾ ಅಂದೆ ನಾನು. ಆದರೂ ನೀನು ನಿಮ್ಮೂರು ಫ್ಯಾಲನ್‌ನ ಚಳಿಗೆ ಅಂತ ಆ ಕೆಂಪು ಕೋಟು ಕಳಿಸಿದೆ. ನಾನು ಬೆಲೆಚೀಟಿ ಕೂಡ ಕೀಳದೆ ಅಂಚೆಯಲ್ಲಿ ವಾಪಸ್ ಕಳಿಸಿದೆ. ಅಷ್ಟು ನಿನಗೆ ಗೊತ್ತು. ಕಳಿಸುವ ಮುಂಚೆ ಎರಡು ದಿನ ಮನೆಯೊಳಗೆ ಅದನ್ನು ತೊಟ್ಟುಕೊಂಡೇ ಓಡಾಡಿದೆ, ಚೀಟಿಯನ್ನು ತೋಳಿನೊಳಗೆ ಮಡಚಿ ಸಿಕ್ಕಿಸಿಕೊಂಡು. ತೋಳಿನ ಉದ್ದ ಸರಿಯಾಗಿತ್ತು. ನನ್ನ ಅಳತೆ ನಿನಗೆ ನೆನಪಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂದದ್ದು ಅಂತ ಕಾಣುತ್ತದೆ, ಯಾಕೆ ಅಂತ ನನಗೆ ಇವತ್ತಿಗೂ ವಿವರಿಸಲು ಬಾರದು.

ಪರೀಕ್ಷೆಯಲ್ಲಿ ತಪ್ಪಿದ ಆ ಒಂದು ಪ್ರಶ್ನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಒಬ್ಬರೇ ಇರುವವರು ಪಿಸ್ತೂಲನ್ನು ಬೀಗ ಹಾಕಿ ಇಡಬೇಕಾಗಿಲ್ಲ: ಸರಿಯೋ ತಪ್ಪೋ? ಸರಿ ಅಂತ ಗುರುತು ಹಾಕಿದೆ. ಪರೀಕ್ಷೆ ನಡೆಸುವವನೂ ಡ್ವೇನೇ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ. "ನಮ್ಮ ಮನೆಯಲ್ಲಿ ಯಾರಿದ್ದಾರೋ, ಯಾರಿಗೆ ಬೀಗ?" ಅಂತ ವಾದಿಸಿದೆ. "ಯಾರಾದ್ರೂ ಬರಬಹುದಲ್ಲ ಆಂಟಿ," ಅಂದ. ವಾದ ಮಾಡುವುದರಲ್ಲಿ ನಾನು ಹೇಗೆ ಅಂತ ನಿನಗೆ ಗೊತ್ತು. ಅವತ್ತು ಆ ಕೆಂಪು ಸುತ್ತನ್ನು ಒಪ್ಪಿಕೊಂಡೆ.

ಬರಬೇಕಾದ್ದು ಶನಿವಾರ. ಅಂಗಡಿ ಐದಕ್ಕೆ ಮುಚ್ಚುತ್ತದೆ. ನೀನು ಬರದೆಯೂ ಅಲ್ಲಿನ ಅಂಗಡಿಯಿಂದ ಇಲ್ಲಿನ ಅಂಗಡಿಗೆ ಕಳಿಸಬಹುದು ಅಂತ ಡ್ವೇನ್ ಏನೋ ಹೇಳಿದ ಹಾಗಿತ್ತು, ಆ ಭಾಗ ಬರುವಾಗ ನಾಯಿ ಬೊಗಳಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಕಾಗದಪತ್ರ ಆದ ಮೇಲೆ ಹತ್ತು ದಿನ ಕಾಯಬೇಕು, ಆಮೇಲೆಯೇ ಪಿಸ್ತೂಲು ಕೈಗೆ. ಆ ಹತ್ತು ದಿನ ಯಾರು ಎಲ್ಲಿ ಕಾಯಬೇಕು ಅನ್ನುವುದನ್ನು ಕಾನೂನು ಹೇಳುವುದಿಲ್ಲ. ನಿನ್ನ ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಸಿದ್ದೇನೆ ಅಂತ ತಿಳಿಸುತ್ತೇನೆ, ಅಷ್ಟೇ. ನಾನು ಏನನ್ನೂ ಸೂಚಿಸುತ್ತಿಲ್ಲ. ಬೆಟ್ಟದ ಮೇಲೆ ಇನ್ನೂ ಹಿಮವಿದ್ದರೆ ಕಾರು ಜಾರದ ಹಾಗೆ ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಬಾ.

ಇಪ್ಪತ್ತೊಂಬತ್ತು ಅಂಕದ
ನಿನ್ನ ಅಮ್ಮ
ವೆರ್ನಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಒಂದು ಮಾತು. ನಾನು ಹೊರಡುವಾಗ ಡ್ವೇನ್ ಮೊದಲು ಕೊಟ್ಟಿದ್ದ ಆ ಕರಿಯ ಪಿಸ್ತೂಲನ್ನು ಇನ್ನೊಂದು ಸಲ ಕೈಗಿಟ್ಟ. ಮೇಲಿನ ಭಾಗವನ್ನು ಎಳೆಯಬೇಡಿ, ಅದನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯನ್ನು ಮುಂದಕ್ಕೆ ದೂಡಿ ಅಂತ ತೋರಿಸಿಕೊಟ್ಟ. ಮೂರನೇ ಸಲಕ್ಕೆ ಟಕ್ ಅಂತ ಬಂತು. "ಹಾಗಾದ್ರೆ ಇದರ ಕಾಗದವನ್ನೇ ಶುರು ಮಾಡ್ಲಾ ಆಂಟಿ? ಇದು ಪಟ್ಟಿಯಲ್ಲೇ ಇದೆ," ಅಂದ. ಬೇಡ, ನನ್ನ ಮಗಳು ತರುತ್ತಾಳೆ ಅಂದೆ. ಅವನು ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ. ಆದ್ದರಿಂದ ನೀನು ಪಿಸ್ತೂಲು ಮರೆತು ಬಂದರೂ ಏನೂ ತೊಂದರೆಯಿಲ್ಲ. ಆದರೆ ಆವತ್ತು ಗದೆಯ ಹಾಗೆ ಹಿಡಿದಿದ್ದೆನಲ್ಲ, ಆ ಆಲಿವ್ ಬಾಟಲಿಯ ಮುಚ್ಚಳ ಮಾತ್ರ ಡ್ವೇನ್ ಹೇಳಿಕೊಟ್ಟ ಉಪಾಯಕ್ಕೂ ಜಗ್ಗುತ್ತಿಲ್ಲ. ಬಂದಾಗ ಅದೊಂದು ತೆಗೆದುಕೊಡು.