ನೀಲಿ ಹೊಡೆಸಿದ ಕಂಪ್ಯೂಟರ್

ಶಾಂತಲಾ,

ಇದನ್ನು ನಿನಗೆ ಪೋಸ್ಟ್ ಮಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಿರಾ ಗೇಟಿನಲ್ಲಿ ನಿನ್ನ ಹೊಸ ಕಂಪ್ಯೂಟರ್ ಕ್ಲಾಸಿನ ಬೋರ್ಡ್ ನೋಡಿದೆ. ಅದರ ಮೇಲಿನ ಫೋಟೋದಲ್ಲಿ ಗಾಜಿನಂತೆ ಒಳಗಿನದೆಲ್ಲ ಕಾಣುವ ನೀಲಿ ಕಂಪ್ಯೂಟರ್. ಅದರ ಪಕ್ಕ ಐಸ್‌ಕ್ಯಾಂಡಿ ಹಿಡಿದ ನೀನು, ನಿನ್ನ ಹೊಸ ಪಾರ್ಟ್‌ನರ್ ಶಿಲ್ಪಾ. ಇಬ್ಬರೂ ನೀಲಿ ನಾಲಿಗೆ ಚಾಚಿ ನಗುತ್ತಿದ್ದೀರಿ. ‘ನೆಕ್ಕಬೇಡಿ, ಇದು ಕಂಪ್ಯೂಟರ್!’ ಅಂತೆ. ನನ್ನ ಜೊತೆ ಕ್ಲಾಸ್ ನಡೆಸಿದ ಅಷ್ಟು ವರ್ಷದಲ್ಲಿ ನೀನು ಹಾಗೆ ನಕ್ಕಿದ್ದನ್ನು ನಾನು ಕಾಣೆ.

ಹೊಟ್ಟೆ ಉರಿಯಿತು. ಇವತ್ತು ನಮ್ಮ ಬೂದು ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು ಅಂತರಸನಹಳ್ಳಿಗೆ ಹೋಗಿ, ಸ್ಕೂಟರಿಗೆ ಬಣ್ಣ ಹೊಡೆಯುವ ಕಾಳಯ್ಯನವರ ಕೈಲಿ ನೀಲಿ ಹೊಡೆಸಿದೆ. ಸಂಜೆ ಆನ್ ಮಾಡಿದರೆ, ಬಿಸಿಯೇರಿದಂತೆ ಪೇಂಟಿನ ವಾಸನೆ ಹಬ್ಬಿ ಹುಡುಗಿಯರೆಲ್ಲ ಮೂಗು ಮುಚ್ಚಿಕೊಂಡು ಎದ್ದರು.

"ಮಿಸ್, ಶಾಂತಲಾ ಮಿಸ್ ಹತ್ರ ಇರೋದ್ರಲ್ಲಿ ಒಳಗಡೆ ಎಲ್ಲಾ ಕಾಣುತ್ತೆ. ಇದ್ರಲ್ಲಿ ಏನೂ ಕಾಣಲ್ವಲ್ಲಾ?" ಅಂದಳು ಒಬ್ಬಳು.

ನಾಳೆಯಿಂದ ನಿನ್ನಲ್ಲಿಗೇ ಬಂದಾರು, ಸೇರಿಸಿಕೋ.

ಒಂದು ಕಡೆ ಮಾತ್ರ ಹಳೇ ಬೂದು ಬಣ್ಣವೇ ಉಳಿದಿದೆ. ಹೋದ ಆಯುಧಪೂಜೆಯಲ್ಲಿ ನೀನು ಮಾನಿಟರಿಗೆ ಇಟ್ಟಿದ್ದ ಕುಂಕುಮದ ಬೊಟ್ಟು ಕಂಡು ಕಾಳಯ್ಯ, "ಇದ್ನ ಒರ್ಸ್‌ಬುಡ್ಲಾ ಮೇಡಂ?" ಅಂತ ಬಟ್ಟೆ ತೆಗೆದರು.

"ಬೇಡ, ಅದನ್ನ ಬಿಟ್ಟು ಸುತ್ತ ಹೊಡೀರಿ" ಅಂದೆ.